ಮುಂಬಾಗಿಲ ಕದಿರಿಗೆ ಹಸಿರು ಬಣ್ಣ ತಗಲಿದ ಬಗ್ಗೆ

ದಿನಾಂಕ: 24-5-1964

ಇಂದ:
ಭರತರಾಜ, ಗುಮಾಸ್ತ,
ಹಾಲಿ ಮುಕ್ಕಾಂ: ಪತ್ನಿಯ ಮನೆಯ ಹೊರಜಗಲಿ, ಶಿರ್ತಾಡಿ.

ಗೆ:
ಶ್ರೀಮತಿ ರಾಜಮತಿಯವರು,
ಸದರಿ ಮನೆಯ ಯಜಮಾನಿ ಹಾಗೂ ಅರ್ಜಿದಾರನ ಪತ್ನಿ,
ಮನೆಯ ಒಳಗೆ.

ವಿಷಯ: ಬಣ್ಣ ಸಿಂಪಡಿಸುವ ಗನ್ನಿನ ಆಯ್ಕೆಯಿಂದಾದ ಪ್ರಮಾದ ಹಾಗೂ ಅರ್ಜಿದಾರನನ್ನು ಪುನಃ ಒಳಗೆ ಸೇರಿಸಿಕೊಳ್ಳುವ ಕುರಿತು.

ಉಲ್ಲೇಖ: "ಹೊರಗೇ ಇರಿ" ಎಂಬ ತಮ್ಮ ಮೌಖಿಕ ಆದೇಶ, ದಿನಾಂಕ 3-5-1964.

ಮಾನ್ಯರೇ,

1. ಬಾಗಿಲು, ಕಿಟಕಿ, ಕಂಬಗಳಿಗೆ ಕುಂಚದಲ್ಲಿ ಬಣ್ಣ ಬಳಿಯಲು ಎಂಟು ದಿನ ಬೇಕೆಂದು ಬಣ್ಣ ಬಳಿಯುವ ಡೊಂಬಯ್ಯ ಹೇಳಿದ ಕಾರಣ, ನಾನೇ ಒಂದು ಭಾನುವಾರದಲ್ಲಿ ಮುಗಿಸುವುದಾಗಿ ತಮ್ಮೆದುರು ಜಂಬ ಕೊಚ್ಚಿದ್ದು ನಿಜ.

2. ತದನಂತರ ಮೂರು ಉಪಕರಣಗಳನ್ನು ಪರಿಶೀಲಿಸಲಾಯಿತು. ಮಡಂತ್ಯಾರಿನ ಹಾಜಬ್ಬರ ಅಂಗಡಿಯ ಸೊಳ್ಳೆಮದ್ದಿನ ಪಿಚಕಾರಿಯಲ್ಲಿ ಬಾಗಿಲಿಗಿಂತ ನನ್ನ ಮೊಣಕೈಗೇ ಹೆಚ್ಚು ಬಣ್ಣ ಹತ್ತಿತು. ಅಡಿಕೆಗೆ ಮೈಲುತುತ್ತು ಬಿಡುವ ಪಂಪು ಮರದ ತುದಿಗೆ ಸರಿ, ಬಾಗಿಲಿಗೆ ಅತಿಯಾಯಿತು. ಆದ್ದರಿಂದ ಬಂಟ್ವಾಳದಲ್ಲಿ ಬಸ್ಸಿಗೆ ಬಣ್ಣ ಹೊಡೆಯುವ ಉಮ್ಮರ್ ಅವರ ಹಳೆಯ ಗನ್ನನ್ನು, ಕಾಲಿನಿಂದ ಒತ್ತುವ ಗಾಳಿಪಂಪಿನ ಸಮೇತ, ಆರಿಸಿ ಖರೀದಿಸಲಾಯಿತು.

3. ಉಮ್ಮರ್ ಎಚ್ಚರಿಸದೆ ಇರಲಿಲ್ಲ. "ಬಸ್ಸಾದರೆ ಗಾಜಿಗೆಲ್ಲ ಕಾಗದ ಅಂಟಿಸ್ತೇವೆ ಮಾರಾಯ್ರೇ. ಮನೆಯಲ್ಲಿ ಏನೇನು ಉಂಟು ಅಂತ ಮೊದಲು ನೋಡಿಕೊಳ್ಳಿ" ಎಂದಿದ್ದರು. ಅದರಂತೆ ಕಾಗದ ಅಂಟಿಸಬೇಕಾದ ಹದಿನೇಳು ವಸ್ತುಗಳ ಪಟ್ಟಿ ತಯಾರಿಸಿದೆ. ಗಡಿಯಾರ, ಚಿಲಕ, ಕೊಡೆ ತೂಗುವ ಮೊಳೆ ಕೂಡ ಅದರಲ್ಲಿದ್ದವು.

4. ಹೋದ ವರ್ಷ ಹೊಸ ಅಕ್ಕಿ ಉಣ್ಣುವ ಹೊಸತಿನ ಹಬ್ಬದ ದಿನ ತಮ್ಮ ತಾಯಿ ಕಮಲಾವತಿಯವರು ಮುಂಬಾಗಿಲ ಮೇಲೆ ಕಟ್ಟಿದ ಭತ್ತದ ಕದಿರು ಪಟ್ಟಿಯಲ್ಲಿರಲಿಲ್ಲ. ಮುಂದಿನ ಹೊಸತಿನವರೆಗೆ ಅದನ್ನು ತೆಗೆಯುವ ಕ್ರಮವಿಲ್ಲ. ಜನವರಿಯಲ್ಲಿ ಅವರು ತೀರಿಕೊಂಡ ಕಾರಣ, ಮುಂದಿನ ಕದಿರು ಅವರ ಕೈಯದ್ದಾಗುವುದಿಲ್ಲ. ಇದೆಲ್ಲ ನನಗೆ ತಿಳಿದಿತ್ತು. ದಿನಕ್ಕೆ ನಾಲ್ಕು ಸಲ ಅದರ ಕೆಳಗೇ ಹಾದುಹೋಗುತ್ತಿದ್ದೆ. ಆದರೂ ಕಣ್ಣಿಗೆ ಬೀಳಲಿಲ್ಲ. ಗನ್ನು ಬಾಗಿಲನ್ನೂ ಕದಿರನ್ನೂ ಒಟ್ಟಿಗೇ ಹಸಿರು ಮಾಡಿತು.

5. "ಮೊಳೆಗೆ ಕಾಗದ ಅಂಟಿಸಿದ್ದೀರಿ. ಅಮ್ಮ ಕಟ್ಟಿದ್ದು ನಿಮಗೆ ಕಾಣಲಿಲ್ಲವಾ?" ಎಂದು ತಾವು ಕೇಳಿದ್ದಿರಿ. ಸದರಿ ಪ್ರಶ್ನೆಯನ್ನು ಇಪ್ಪತ್ತೊಂದು ದಿನವೂ ಯೋಚಿಸಿದ್ದೇನೆ. ನನಗೆ ನಾಚಿಕೆಯಾಗಿದೆ.

6. ಅತ್ತೆಯವರು ಕದಿರು ಕಟ್ಟುವಾಗ ಕುಂಟುಕಾಲಿನ ಆ ಸ್ಟೂಲನ್ನು ಹಿಡಿದವನು ನಾನೇ. "ಗಟ್ಟಿ ಹಿಡಿಯಿರಿ ಅಳಿಯಂದಿರೇ, ನಾನು ಬಿದ್ದರೆ ಇವತ್ತು ನಿಮಗೆ ಊಟ ಇಲ್ಲ" ಎಂದಿದ್ದರು. ಅವರು ನನಗೂ ಬೇಕಾದವರಾಗಿದ್ದರು. ಇದನ್ನು ದಾಖಲೆಯಲ್ಲಿ ತೆಗೆದುಕೊಳ್ಳಬೇಕಾಗಿ ವಿನಂತಿ.

7. ತಾವು ಮಲಗಿದ ಮಧ್ಯಾಹ್ನಗಳಲ್ಲಿ ಅದೇ ಸ್ಟೂಲು ಹತ್ತಿ, ಸೀಮೆಎಣ್ಣೆ, ಬಟ್ಟೆಚೂರು ಹಿಡಿದು ಒಂದೊಂದೇ ಕಾಳು ಒರೆಸುತ್ತಿದ್ದೇನೆ. ಉಳಿದಿದ್ದ ಇಪ್ಪತ್ತಾರು ಕಾಳುಗಳ ಪೈಕಿ ಹನ್ನೊಂದು ಮೊದಲಿನ ಬಣ್ಣಕ್ಕೆ ಬಂದಿವೆ. ಅವರು ಹಾಕಿದ ಗಂಟನ್ನು ಬಿಚ್ಚಿಲ್ಲ.

8. ಮಳೆಗಾಲ ಹತ್ತಿರ ಬಂದಿದ್ದು, ಜಗಲಿಗೆ ಎರಚಲು ಬೀಳುತ್ತದೆ. ಆದರೆ ಅರ್ಜಿಗೆ ಇದು ಮುಖ್ಯ ಕಾರಣವಲ್ಲ.

ಆದ್ದರಿಂದ ಮೇಲ್ಕಂಡ ಸಂಗತಿಗಳನ್ನು ಪರಾಂಬರಿಸಿ ಸೂಕ್ತ ಆದೇಶ ನೀಡಬೇಕಾಗಿ ಪ್ರಾರ್ಥನೆ.

ತಮ್ಮ ಜಗಲಿಯಲ್ಲಿರುವ ವಿಶ್ವಾಸಿ,
ಭರತರಾಜ

ಲಗತ್ತುಗಳು:
ಅ) ಪಟ್ಟಿ, ಹದಿನೆಂಟನೆಯದಾಗಿ ಕದಿರನ್ನು ಸೇರಿಸಿ ತಿದ್ದಿದ್ದು.
ಆ) ಗನ್ನು ಒಂದು. ಬಾವಿಗೆ ಹಾಕುವುದಾದರೂ ಆಕ್ಷೇಪವಿಲ್ಲ.
ಇ) ಕದಿರನ್ನು ಲಗತ್ತಿಸಿಲ್ಲ. ಸ್ಥಳದಲ್ಲೇ ಪರಿಶೀಲಿಸಬಹುದು.

ವಿ.ಸೂ.: ಇನ್ನು ಹದಿನೈದು ಕಾಳು ಬಾಕಿ ಉಂಟು. ಸ್ಟೂಲು ಹಿಡಿಯಲು ಜನವಿಲ್ಲ. ತಾವು ಸ್ವಲ್ಪ ಹೊರಗೆ ಬರಬೇಕಾಗಿ ಕೋರಿಕೆ.