ಹನ್ನೊಂದು ಹಾಡು, ನಡುವೆ ನಾನು

ನಾಟಕ ಬರೆಯುವುದು ಕಷ್ಟದ ಕೆಲಸ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಹಳಿಯಾಳದ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರನಾಗಿ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ವರ್ಷಕ್ಕೊಂದು ನಾಟಕ ಬರೆದವನು ನಾನು. ಒಂದು ನಾಟಕದಲ್ಲೂ ಪ್ರೇಕ್ಷಕರು ಎದ್ದು ಹೋಗಿಲ್ಲ. ಶಾಲೆಯ ಗೇಟಿಗೆ ಕೀಲಿ ಹಾಕಿರುತ್ತಿದ್ದರು ಎಂಬುದು ಬೇರೆ ಮಾತು.

ಹೀಗಾಗಿ ದಾಂಡೇಲಿಯ ರಫೀಕ್ ಮಿಸ್ತ್ರಿ ನನ್ನ ಬೈಕಿನ ಕಾರ್ಬೊರೇಟರ್ ಬಿಚ್ಚುತ್ತ, ತಾವು ಒಂದು ಕಾಲಕ್ಕೆ ರಾಕ್ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದುದಾಗಿ ಹೇಳಿದ ಕೂಡಲೇ ನನ್ನ ತಲೆಯೊಳಗೆ ಪರದೆ ಎದ್ದುಬಿಟ್ಟಿತು. ಬ್ಯಾಂಡಿನ ಹೆಸರು 'ಮೂರನೇ ಪಾಳಿ'. ಅಲ್ಲಿನ ಕಾಗದದ ಮಿಲ್ಲಿನಲ್ಲಿದ್ದ ನಾಲ್ವರು ಗೆಳೆಯರು ಪಾಳಿ ಮುಗಿಸಿ ಬಂದು ಹಾಡು ಕಟ್ಟುತ್ತಿದ್ದರಂತೆ. ಒಟ್ಟು ಹನ್ನೊಂದು ಹಾಡು, ಎಲ್ಲವೂ ರಫೀಕ್ ಬರೆದವು. ಆಮೇಲೆ ಒಬ್ಬೊಬ್ಬರೂ ಸಂಸಾರಕ್ಕೆ ಬಿದ್ದರು, ಗಿಟಾರು ಗ್ಯಾರೇಜಿನ ಅಟ್ಟ ಸೇರಿತು.

"ರಫೀಕಭಾಯ್, ಆ ಹನ್ನೊಂದೂ ಹಾಡು ಒಂದ ಕತಿಯೊಳಗ ಪೋಣಿಸಿ ನಾಟಕ ಮಾಡೂಣು," ಎಂದೆ. "ಫಾರಿನ್ನಿನಾಗ ಹಿಂಗ ಮಾಡ್ತಾರ. ಹಾಡು ನಿಮ್ಮವು, ಕತಿ ನಂದು."

ಅವರು ಕೈಯ ಗ್ರೀಸ್ ಒರೆಸಿಕೊಂಡರು. "ಮಾಡ್ರಿ ಮಾಸ್ತರ್ರ. ಆದ್ರ ಹನ್ನೊಂದನೇ ಹಾಡು ಮಾತ್ರ ಬಿಡಬ್ಯಾಡ್ರಿ. ನನ್ನ ಮಗಳು ನಸ್ರೀನ್ ಹುಟ್ಟಿದಾಗ ಬರದದ್ದು. ಸ್ಟೇಜ್ ಮ್ಯಾಲ ಒಮ್ಮೆನೂ ಹಾಡಿಲ್ಲ. 'ನಮ್ಮ ಅಬ್ಬಾ ಬರೇ ಬಡಾಯಿ ಕೊಚ್ಚತಾರ, ಗಿಟಾರ್ ಬಾರಸೂದು ಯಾರು ನೋಡ್ಯಾರ' ಅಂತಾಳ. ಮುಂದಿನ ತಿಂಗಳ ಆಕಿ ಮದವಿ. ಹೋಗೂದ್ರಾಗ ಒಮ್ಮೆ ಪೂರ್ತಿ ಕೇಳ್ಲಿ."

"ಅದು ನನ್ನ ಜವಾಬ್ದಾರಿ," ಎಂದು ಮಾತು ಕೊಟ್ಟೆ. ಹಾಡುಗಳನ್ನು ಆಗಿನ್ನೂ ಕೇಳಿರಲಿಲ್ಲ.

ರಫೀಕ್ ಅಟ್ಟದಿಂದ ಗಿಟಾರು ಇಳಿಸಿ ಬಾರಿಸಿ ಕೇಳಿಸಿದ ಮೇಲೆ ಗೊತ್ತಾಯಿತು. ಹನ್ನೊಂದರಲ್ಲಿ ಹತ್ತು ಹಾಡು ಬೈಕಿನ ಮೇಲೆ! ಒಂದು ಕ್ಲಚ್ಚಿನ ಬಗ್ಗೆ, ಒಂದು ಪಂಕ್ಚರಿನ ಬಗ್ಗೆ, ಇನ್ನೊಂದು ಸೂಪಾದ ಇಳಿಜಾರಿನಲ್ಲಿ ಬ್ರೇಕ್ ಫೇಲಾದ ಬಗ್ಗೆ. ನಾಯಕಿ ಎಂಬುವಳು ಹುಡುಕಿದರೂ ಇಲ್ಲ. ಕೊನೆಯದೊಂದು ಮಾತ್ರ ಒಂದು ಕೂಸಿನ ಸಣ್ಣ ಚಪ್ಪಲಿಯ ಮೇಲಿತ್ತು.

ಮೂರು ವಾರ ತಲೆ ಕೆರೆದುಕೊಂಡು ಕಥೆ ಹೊಸೆದೆ. ನಾಯಕ ಬೈಕ್ ಕೊಳ್ಳುತ್ತಾನೆ, ಅದು ನಾನಾ ವಿಧವಾಗಿ ಕೆಡುತ್ತದೆ, ಹತ್ತನೇ ಹಾಡಿಗೆ ಇಳಿಜಾರಿನಲ್ಲಿ ಬಿದ್ದು ಸಾಯುತ್ತಾನೆ. ಆಗ ಸೂತ್ರಧಾರನಾದ ನಾನು ಬಂದು ಆರು ಪುಟ ಮಾತಾಡುತ್ತೇನೆ. ಆಮೇಲೆ ಸತ್ತವನು ಬಿಟ್ಟುಹೋದ ಕೂಸಿಗಾಗಿ ಚಪ್ಪಲಿಯ ಹಾಡು. ಓದಿ ಹೇಳುವಾಗ ನನ್ನ ಹೆಂಡತಿ ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಂವಗ ಮದವಿ ಯಾವಾಗ ಆತ್ರಿ?"

"ಎರಡನೇ ಹಾಡಿಗೂ ಮೂರನೇ ಹಾಡಿಗೂ ನಡುವ. ಅದನ್ನ ನಾ ಮಾತಿನಾಗ ಹೇಳ್ತೇನಿ."

"ಎಲ್ಲಾ ನೀವ ಹೇಳೂದಾದ್ರ ಅಂವ ಯಾಕ ಬೇಕು?"

ಕಲೆಯ ಸೂಕ್ಷ್ಮ ಎಲ್ಲರಿಗೂ ತಿಳಿಯುವುದಿಲ್ಲವೆಂದು ಮುಂದಿನ ಪುಟ ತಿರುವಿದೆ. ಆದರೆ ಶಾಂತಾ ಇಲ್ಲದೆ ನನಗೆ ನಡೆಯುವಂತಿರಲಿಲ್ಲ. ನಮ್ಮ ಕಡೆ ನಾಟಕವೆಂದರೆ ಮಾತು ಬಾಯಿಪಾಠ ಮಾಡುವವರು ಕಡಿಮೆ. ಪಕ್ಕದ ಪರದೆಯ ಹಿಂದೆ ಒಬ್ಬರು ಪ್ರತಿ ಹಿಡಿದು ಹೇಳಿಕೊಡುತ್ತಾರೆ, ನಾವು ಅದನ್ನೇ ಗಟ್ಟಿಯಾಗಿ ಹೇಳುತ್ತೇವೆ. ಆ ಕೆಲಸ ಶಾಂತಾಗೆ ವಹಿಸಿದೆ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಒಪ್ಪಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಜಂಬವನ್ನೂ ಕೊಚ್ಚಿಕೊಂಡೆ.

ನಾಯಕನ ಪಾತ್ರ ನಮ್ಮ ಶಾಲೆಯ ಪಿ.ಟಿ. ಮಾಸ್ತರ ಈರಣ್ಣನಿಗೆ ಹೋಯಿತು. ಒಳ್ಳೆಯ ದನಿ, ಊರು ಚಿಗಳ್ಳಿ. ನಾನು ದನಿಯನ್ನು ನೋಡಿದೆನೇ ಹೊರತು ಊರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಟಕದ ದಿನ ಸಂಜೆ ಐದಕ್ಕೇ, ದಾಂಡೇಲಿಯ ಅಂಬೇವಾಡಿಯಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಹಾಲ್ ಮುಂದೆ ಎರಡು ಟೆಂಪೋ ಬಂದು ನಿಂತವು. ಚಿಗಳ್ಳಿಗೆ ಚಿಗಳ್ಳಿಯೇ ಇಳಿಯಿತು. ಕೈಯಲ್ಲಿ ಹಾರ, ಶಾಲು, ಟಾವೆಲ್. ಎಂಟೂವರೆಗೆ ಸರಿಯಾಗಿ ಹಾಲ್ ಬಿಡಬೇಕೆಂದು ವಾಚ್‌ಮನ್ ನನಗೆ ಆಗಲೇ ಎರಡು ಸಲ ಹೇಳಿದ್ದ.

ಮೊದಲ ಹಾಡು ಮುಗಿಯುತ್ತಲೇ "ಒನ್ಸ್ ಮೋರ್" ಎಂಬ ಕೂಗು ಬಂತು. ನಮ್ಮ ಕಡೆ ಅದು ಕೋರ್ಟಿನ ಆದೇಶವಿದ್ದಂತೆ, ಮೀರುವಂತಿಲ್ಲ. ಹೀಗೆ ಪ್ರತಿ ಹಾಡೂ ಎರಡೆರಡು ಸಲವಾಯಿತು. ನಡುವೆ ನಾನು ಬಂದು, ಕ್ಲಾಸಿನ ಚಟದಂತೆ "ಹಲೋ, ಹಲೋ, ಹಿಂದಿನವರಿಗೆ ಕೇಳಿಸುತ್ತದೆಯೇ?" ಎಂದು ಶುರು ಮಾಡುವಷ್ಟರಲ್ಲಿ "ಕೇಳಸ್ತೈತಿ, ಹಾಡು ಹಚ್ರಿ" ಎನ್ನುತ್ತಿದ್ದರು. ನಾಯಕನ ಮದುವೆಯ ಸುದ್ದಿ ಕೊನೆಗೂ ಯಾರಿಗೂ ತಿಳಿಯಲಿಲ್ಲ.

ಹತ್ತನೇ ಹಾಡಿಗೆ ಈರಣ್ಣ ಸತ್ತ. ಒನ್ಸ್ ಮೋರ್ ಬಂತು. ಹೆಣ ಒಂದು ಕಣ್ಣು ತೆರೆದು ನನ್ನನ್ನು ನೋಡಿತು. ಬೇಡವೆಂದು ತಲೆಯಾಡಿಸಿದೆ. ಊರವರು ಎದ್ದು ನಿಂತರು. ಅವನೂ ಎದ್ದು, ಹಾಡಿ, ಮತ್ತೆ ಸತ್ತ.

ಅಷ್ಟಕ್ಕೆ ಮುಗಿಯಲಿಲ್ಲ. ಊರ ಹಿರಿಯರು ಸಾಲಾಗಿ ಸ್ಟೇಜು ಹತ್ತಿದರು, ಆಹೇರಿ ಮಾಡಲಿಕ್ಕೆ. ಮೆಚ್ಚಿದ ನಟನಿಗೆ ಆಟದ ನಡುವೆಯೇ ಮರ್ಯಾದೆ ಮಾಡುವುದು ನಮ್ಮಲ್ಲಿ ರೂಢಿ. ಮಾಡಿಸಿಕೊಂಡವನು ಕೈಮುಗಿಯುವುದೂ ರೂಢಿ. ಹೆಣಕ್ಕೆ ಹಾರ ಹಾಕಿದರು. ಹೆಣ ಎದ್ದು ಕೂತು ಕೈಮುಗಿದು ಮಲಗಿತು. ಹೀಗೆ ಏಳು ಸಲ. ನಾಲ್ಕನೆಯವರು ಅವನ ಹೆಣ್ಣು ಕೊಟ್ಟ ಮಾವ. ಅವರ ಕಾಲು ಮುಟ್ಟಿ ನಮಸ್ಕರಿಸಿ ಸತ್ತ.

ಗಡಿಯಾರ ಎಂಟು ಇಪ್ಪತ್ತು ತೋರಿಸುತ್ತಿತ್ತು. ವಾಚ್‌ಮನ್ ಬಾಗಿಲಲ್ಲಿ ಕೀಲಿಗೊಂಚಲು ಆಡಿಸುತ್ತಿದ್ದ. ಕೊನೆಯ ಹಾಡಿಗೆ ಆರು ನಿಮಿಷ ಬೇಕು, ನನ್ನ ಮಾತಿಗೆ ಹದಿನೈದು. ಸ್ಟೇಜಿನ ಮೂಲೆಯಲ್ಲಿ ಗಿಟಾರ್ ಬಾರಿಸುತ್ತ ಕೂತಿದ್ದ ರಫೀಕ್ ಮೂರನೇ ಸಾಲಿನಲ್ಲಿದ್ದ ಮಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹೇಳಲು ನಾಚಿಕೆಯಾಗುತ್ತದೆ, ನಾನು ಮೈಕ್ ಹಿಡಿದೆ. ಮೂರು ವಾರದ ಶ್ರಮ, ಆರು ಪುಟ! ಹಾಡಿನದೊಂದು ನುಡಿ ಹಾಡಿದರೂ ಸಾಕಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

"ಮಹನೀಯರೇ," ಎಂದು ಶಾಂತಾ ಹೇಳಿಕೊಟ್ಟಳು. "ಮಹನೀಯರೇ," ಎಂದೆ. ಪರದೆಯ ಹಿಂದೆ ಹಾಳೆಗಳು ಒಟ್ಟಿಗೇ ಮಗುಚಿದ ಸದ್ದಾಯಿತು.

"ಇಲ್ಲಿಗೆ ನನ್ನ ಮಾತು ಮುಗಿಸುತ್ತೇನೆ," ಎಂದಳು.

"ಇಲ್ಲಿಗೆ ನನ್ನ ಮಾತು ಮುಗಿಸುತ್ತೇನೆ," ಎಂದೆ, ಕೈಯೆತ್ತಿ, ಬಹಳ ಗಂಭೀರವಾಗಿ. ಅಂದ ಮೇಲೆಯೇ ಅರ್ಥವಾದದ್ದು. ಅಷ್ಟರಲ್ಲಿ ಚಿಗಳ್ಳಿಯವರು ಚಪ್ಪಾಳೆ ತಟ್ಟಿಬಿಟ್ಟಿದ್ದರು. ಇಡೀ ಸಂಜೆ ನನ್ನ ಮಾತಿಗೆ ಬಿದ್ದ ಚಪ್ಪಾಳೆ ಅದೊಂದೇ.

ಹನ್ನೊಂದನೇ ಹಾಡನ್ನು ರಫೀಕ್ ತಾವೇ ಹಾಡಿದರು. ದನಿ ಎರಡು ಕಡೆ ಒಡೆಯಿತು. ಯಾರೂ ಒನ್ಸ್ ಮೋರ್ ಎನ್ನಲಿಲ್ಲ, ಯಾರೂ ಹಾರ ತರಲಿಲ್ಲ, ಕೀಲಿಯ ಸದ್ದೂ ನಿಂತಿತ್ತು. ನಸ್ರೀನ್ ಓಢಣಿಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಹಾಡು ಮುಗಿದಾಗ ಅತ್ತೇಬಿಟ್ಟಳು. ನಾನೂ ಕಣ್ಣೊರೆಸಿಕೊಂಡೆ, ಆರು ಪುಟ ಹೋದ ಸಂಕಟ ಅದರಲ್ಲಿ ಸ್ವಲ್ಪ ಇತ್ತು.

ಹೊರಗೆ ಬಂದಾಗ ರಫೀಕ್ ಮಗಳನ್ನು ನಮ್ಮ ಹತ್ತಿರ ಕರೆದುಕೊಂಡು ಬಂದರು. ಆಕೆ ಅಪ್ಪನ ತೋಳು ಬಿಟ್ಟಿರಲಿಲ್ಲ.

"ನಮ್ಮ ಅಬ್ಬಾ ಇಷ್ಟು ಛಲೋ ಹಾಡ್ತಾರಂತ ನನಗ ಗೊತ್ತಿರಲಿಲ್ರಿ ಸರ್," ಎಂದಳು. ನಾನು ಎದೆಯುಬ್ಬಿಸಿ ನಿಂತೆ. ಆಕೆ ನನ್ನ ಮುಖವನ್ನು ಸರಿಯಾಗಿ ನೋಡಿದಳು. "ಹಾಡಿನ ನಡುವ ನಡುವ ಬಂದು ಮೈಕ್ ಚೆಕ್ ಮಾಡ್ತಿದ್ರಲ್ಲ, ಅವರು ನೀವ ಅಲ್ರಿ?"

ಶಾಂತಾ ನನ್ನ ಆರು ಪುಟಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. "ಹೂನವಾ, ಅವರ," ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. "ಮೈಕ್ ಸರಿ ಇತ್ತೇನವಾ?"

"ಭಾಳ ಛಲೋ ಇತ್ರಿ ಸರ್."