ನನ್ನ ಜೋಡಿಯ ಹೊಸ ಜೋಡಿ

ಟೆನಿಸ್ ಡಬಲ್ಸ್‌ನಲ್ಲಿ ನಮ್ಮನ್ನು ಮೀರಿಸುವ ಹೆಣ್ಣುಮಕ್ಕಳು ಸಿಂಧನೂರು ತಾಲೂಕಿನಲ್ಲೇ ಇರಲಿಲ್ಲ. ಆಡುತ್ತಿದ್ದ ಹೆಣ್ಣುಮಕ್ಕಳು ನಾವಿಬ್ಬರೇ ಎಂಬುದೂ ಅದಕ್ಕೊಂದು ಕಾರಣವಿರಬಹುದು!

ಎಂಬತ್ತರ ದಶಕದ ಮಾತು. ಸುನಂದಾಳ ಅಪ್ಪ ಕಾಲುವೆ ಇಂಜಿನಿಯರು, ನಮ್ಮಪ್ಪ ಅದೇ ಕಚೇರಿಯಲ್ಲಿ ಗುಮಾಸ್ತ. ಕಾಲುವೆ ಕ್ಯಾಂಪಿನಲ್ಲಿ ಗರಸು ಮಣ್ಣು ಬಡಿದು ಮಾಡಿದ ಒಂದು ಟೆನಿಸ್ ಅಂಗಳವಿತ್ತು. ಎದುರಿಗೆ ಆಡುವವರು ಇಬ್ಬರು ಸಾಹೇಬರು. ಕೆಳಗೆ ಬಂದ ಚೆಂಡಿಗೆ ಬಗ್ಗಲು ಅವರ ಹೊಟ್ಟೆಗಳು ಒಪ್ಪುತ್ತಿರಲಿಲ್ಲ. ಸುನಂದಾ ನೆಟ್ಟಿನ ಹತ್ತಿರ, ನಾನು ಹಿಂದೆ. ನಾವು ಗೆದ್ದದ್ದೇ ಗೆದ್ದದ್ದು!

ಆಮೇಲೆ ಅವಳಪ್ಪನಿಗೆ ಬೆಳಗಾವಿಗೆ ವರ್ಗವಾಯಿತು, ನನಗೆ ಮದುವೆಯಾಯಿತು. ಅವಳು ಅಲ್ಲಿ ಆಟ ಕಲಿತು, ಅದನ್ನೇ ಉದ್ಯೋಗ ಮಾಡಿಕೊಂಡು ದೇಶದೇಶ ಸುತ್ತಿದಳು. ನಾನು ಮಸ್ಕಿಯಲ್ಲಿ ಹೈಸ್ಕೂಲ್ ಮಾಸ್ತರರ ಹೆಂಡತಿಯಾಗಿ ಒಲೆಯ ಸುತ್ತ ಸುತ್ತಿದೆ. ಅದಕ್ಕೆ ನನಗೇನೂ ಬೇಸರವಿರಲಿಲ್ಲ. ಒಂದು ದಿನ ಪೇಪರಿನಲ್ಲಿ ಫೋಟೋ ಬಂತು: ಸುನಂದಾ, ಪಕ್ಕದಲ್ಲಿ ಅವಳ ಡಬಲ್ಸ್ ಜೋಡಿ, ಬೆಳಗಾವಿಯ ರೇಖಾ. ಭುಜದ ಮೇಲೆ ಕೈ ಬೇರೆ!

ಕತ್ತರಿ ತಂದು ರೇಖಾಳನ್ನು ಕತ್ತರಿಸಿ ಒಲೆಗೆ ಹಾಕಿದೆ. ಭುಜದ ಮೇಲಿನ ಕೈ ಮಾತ್ರ ಉಳಿಯಿತು. ಅದನ್ನೂ ತೆಗೆಯಹೋಗಿದ್ದರೆ ಸುನಂದಾಳ ಕೊರಳೇ ಹೋಗುತ್ತಿತ್ತು.

ಯಜಮಾನರು ನೋಡಿ ನಕ್ಕರು. "ಗಿರಿಜಾ, ನಾ ಎರಡನೇ ಮದುವಿ ಮಾಡ್ಕೊಂಡ್ರೂ ನೀ ಇಷ್ಟು ಉರಿಯಂಗಿಲ್ಲ ಬಿಡು!"

"ನೀವು ಮಾಡ್ಕೋರಿ, ನಾನ ಮುಂದ ನಿಂತು ಅಕ್ಕಿಕಾಳು ಹಾಕ್ತೀನಿ. ಆದ್ರ ನನ್ನ ಜಾಗದಾಗ ನಿಲ್ಲಾಕ ಇಕಿ ಯಾವಾಕಿ?"

ಹೀಗೆ ಉರಿಯುತ್ತಾ ವರ್ಷಗಳು ಕಳೆದವು. ಕೊನೆಗೊಮ್ಮೆ ಸುನಂದಾಳ ಪತ್ರ ಬಂತು. ರೇಖಾಳ ಜೊತೆ ಬರುತ್ತಾಳಂತೆ. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ, ಸಂಜೆ ಸಿಂಧನೂರಿನ ಹಳೆಯ ಅಂಗಳದಲ್ಲಿ ಕ್ಯಾಂಪಿನ ಇಬ್ಬರು ಸಾಹೇಬರ ಎದುರು ಒಂದು ಆಟ. ಸುನಂದಾಳ ಪಕ್ಕದಲ್ಲಿ ನಿಲ್ಲುವವರು ಯಾರು? ಅದನ್ನು ಬರೆದಿರಲಿಲ್ಲ. ಹಾಗಾಗಿ ಆ ತೀರ್ಮಾನವನ್ನು ನಾನೇ ಕೈಗೊಂಡೆ.

ಒಬ್ಬರು ಮೇಲೇಳದಂತೆ ಮಾಡಲು ನಮ್ಮ ಕಡೆ ಆಯುಧವೇನೂ ಬೇಕಿಲ್ಲ. ಊಟಕ್ಕೆ ಕೂಡಿಸಿ ಒತ್ತಾಯ ಮಾಡಿದರೆ ಸಾಕು. ನಾನು ಶೇಂಗಾ ಹೋಳಿಗೆ ಮಾಡಿದೆ, ತುಪ್ಪ ಕಾಸಿದೆ. ಎಣ್ಣೆಗಾಯಿಯಲ್ಲಿ ಬದನೆಕಾಯಿ ಈಜುತ್ತಿತ್ತು.

ಲಿಂಗಸುಗೂರಿನ ಕಡೆಯಿಂದ ಬಂದ ಜೀಪಿನಿಂದ ಇಬ್ಬರೂ ಇಳಿದರು. ಸುನಂದಾಳಿಗೆ ಎರಡು ಹೋಳಿಗೆ ಹಾಕಿ ಸುಮ್ಮನಾದೆ. ಅವಳು ಆಡಬೇಕಲ್ಲ! ರೇಖಾಳ ಮುಂದೆ ಮಾತ್ರ ಡಬ್ಬಿ ಹಿಡಿದೇ ಕೂತೆ.

"ಇನ್ನೊಂದು ತಗೋ ತಂಗಿ. ನನ್ನಾಣಿ ಐತಿ!"

"ಹಂಗಾರ ನನ್ನಾಣಿನೂ ಐತ್ರೀ ಅಕ್ಕಾ," ಎಂದಳು ಆ ಬೆಳಗಾವಿಯ ಹುಡುಗಿ. "ನಾ ಒಂದು ತಿಂದ್ರ ನೀವೂ ಒಂದು ತಿನ್ನಬೇಕು."

ಆಣೆಗೆ ಆಣೆ! ಬಿಡುವುದು ಹೇಗೆ? ಏಳನೆಯ ಹೋಳಿಗೆಗೆ ನನ್ನ ಕಣ್ಣುಗಳು ಮೇಲೆ ಹೋದವು. ಅವಳು ಬೆರಳು ನೆಕ್ಕುತ್ತಾ ಕೇಳಿದಳು: "ಮುಗದ್ವೇನ್ರೀ?"

ಆಟ ನೋಡಲು ಯಜಮಾನರೂ ಜೀಪು ಹತ್ತಿದರು. ಸಿಂಧನೂರಿಗೆ ಹೋಗುವ ದಾರಿಯಲ್ಲಿ ಅದು ಒಂದೊಂದು ತಗ್ಗಿಗೆ ಇಳಿದಾಗಲೂ ಒಂದೊಂದು ಹೋಳಿಗೆ ತನ್ನ ಹಾಜರಿ ಹೇಳಿತು. ಅಂಗಳ ಮುಟ್ಟಿದೊಡನೆ ರೇಖಾ ಜಿಂಕೆಯಂತೆ ಜಿಗಿದಳು. ನಾನು ಇಬ್ಬರ ಕೈ ಹಿಡಿದು ಇಳಿದೆ.

ಆಗ ಸುನಂದಾ ಎಂದಳು: "ಗಿರಿಜಾ, ನೀನ ಬಾ ಬೇ. ಮನಿಂದ ಹೊಂಟಾಗಿಂದ ರೇಖಾಗ ಹೇಳಾಕತ್ತೀನಿ, ಇವತ್ತು ನಾ ಆಡೋದು ನನ್ನ ಹಳೇ ಜೋಡಿ ಕೂಡಾನ ಅಂತ."

ಅಂದರೆ ಆ ಏಳೂ ಹೋಳಿಗೆ ವ್ಯರ್ಥ!

ಸೆರಗು ಸಿಕ್ಕಿಸಿ ನಿಂತೆ. ನೆಟ್ಟಿನ ಹತ್ತಿರ ನಿಂತ ಸುನಂದಾ ಬೆನ್ನ ಹಿಂದೆ ಕೈಯಿಟ್ಟು ಎರಡು ಬೆರಳು ತೋರಿಸಿದಳು. ದೊಡ್ಡ ಆಟಗಾರ್ತಿಯರು ಜೋಡಿಗೆ ಹಾಗೆ ಗುಟ್ಟಾಗಿ ಸನ್ನೆ ಮಾಡುತ್ತಾರಂತೆ. ನಮ್ಮ ಕಾಲದಲ್ಲಿ ಕೂಗುತ್ತಿದ್ದೆವು, ಅಷ್ಟೇ. ಇದರ ಅರ್ಥವೇನೆಂದು ಕೇಳಬಹುದಿತ್ತು. ರೇಖಾಳ ಎದುರಿಗೆ ಕೇಳುವುದೇ? ಎಲ್ಲ ತಿಳಿದವಳಂತೆ ತಲೆಯಾಡಿಸಿ ಸರ್ವ್ ಮಾಡಿದೆ. ಚೆಂಡು ಸುನಂದಾಳ ಬೆನ್ನಿಗೆ ಬಡಿಯಿತು. ಎರಡನೆಯದು ಹೇಗೋ ನೆಟ್ಟು ದಾಟಿತು, ಆದರೆ ಸಾಹೇಬರು ಅದನ್ನು ತಿರುಗಿಸಿ ಹೊಡೆದರು. ಓಡಿದೆ. ಮೂರು ಹೆಜ್ಜೆಗೆ ನಾನು ನಿಂತೆ. ಹೋಳಿಗೆಗಳು ನಿಲ್ಲಲಿಲ್ಲ! ಆ ಭಾರಕ್ಕೆ ಮೊಣಕಾಲು ತಿರುಚಿ ಸುಣ್ಣದ ಗೆರೆಯ ಮೇಲೆ ಕುಸಿದು ಕೂತೆ. ಗೆರೆ ಕಾಣದ್ದರಿಂದ ಚೆಂಡು ಒಳಗೆ ಬಿತ್ತೋ ಹೊರಗೋ ಎಂದು ಸಾಹೇಬರಿಬ್ಬರೂ ಜಗಳಕ್ಕೆ ಬಿದ್ದರು.

"ರೀ, ನಿಂತು ನೋಡ್ತೀರೇನು? ಎಬ್ಬಿಸ್ರಿ!"

"ಒಬ್ಬನಿಂದ ಆಗೂ ಕೆಲಸ ಏನ ಇದು?" ಎಂದರು ಯಜಮಾನರು.

ಎಬ್ಬಿಸಿ ಕುರ್ಚಿಯಲ್ಲಿ ಕೂಡಿಸಿದವಳು ರೇಖಾ. ನನ್ನ ಮೊಣಕಾಲು ತಿಕ್ಕುತ್ತಾ ಅಲ್ಲೇ ಕೂತಳು, ಆಡಲು ಕರೆದರೂ ಏಳಲಿಲ್ಲ. ಸುನಂದಾ ಒಂದು ಗಳಿಗೆಯೂ ಯೋಚಿಸದೆ ನಮ್ಮ ಯಜಮಾನರ ಕೈಗೆ ರ್‍ಯಾಕೆಟ್ ಕೊಟ್ಟು ಆಟ ಮುಂದುವರಿಸಿದಳು. ಜನ್ಮದಲ್ಲಿ ರ್‍ಯಾಕೆಟ್ ಮುಟ್ಟದ ಮನುಷ್ಯ! ನಿಂತದ್ದು ನನ್ನ ಜಾಗದಲ್ಲಿ!

ರೇಖಾ ಮೆಲ್ಲಗೆ ಎಂದಳು: "ಅಕ್ಕಾ, ಬರೋ ವರ್ಷ ಸುನಂದಕ್ಕ ನನ್ನ ಕೂಡಾನೂ ಆಡಂಗಿಲ್ರೀ. ದಿಲ್ಲಿಯಾಕಿ ಒಬ್ಬಾಕಿ ಸಿಕ್ಕಾಳ. ಭಾಳ ಉದ್ದ ಅದಾಳ, ಸರ್ವೀಸ್ ಜೋರಂತ."

ಅವಳ ಕಣ್ಣು ತುಂಬಿತ್ತು. ನನ್ನ ಮೈಯೆಲ್ಲ ಉರಿಯಿತು. ಈ ಸಲ ಅವಳ ಪರವಾಗಿ!

"ಉದ್ದ ಇದ್ರ ಏನಾತು ಬೇ? ತೆಂಗಿನ ಗಿಡಾನೂ ಉದ್ದ ಇರ್ತೈತಿ, ಓಡ್ತೈತೇನು?"

"ಅಕಿ ಮಾರಿ ನೋಡಬೇಕ್ರೀ ಅಕ್ಕಾ!"

"ಫೋಟೋ ಇದ್ರ ಕಳಸು. ನನ್ನ ಕಡೆ ಕತ್ತರಿ ಐತಿ."

ನೆಟ್ಟಿನ ಹತ್ತಿರದಿಂದ ಸುನಂದಾ ಕೂಗಿದಳು: "ಏನ್ ಮಾತಾಡಾಕತ್ತೀರಿ ಇಬ್ರೂ?"

"ಏನಿಲ್ಲ!"

ಇಬ್ಬರ ಬಾಯಿಂದಲೂ ಒಂದೇ ಉಸಿರಿಗೆ ಬಂತು, ಒಂದಿಷ್ಟೂ ತಪ್ಪದೆ. ಯಾರ ಜೋಡಿಯಾಗಲು ಇಷ್ಟು ವರ್ಷ ಉರಿದೆನೋ, ಆ ಸುನಂದಾಳ ಜೊತೆ ಇಷ್ಟು ಚೆನ್ನಾಗಿ ನಾನು ಒಂದು ದಿನವೂ ಆಡಿರಲಿಲ್ಲ. ಅದೂ ಕುರ್ಚಿಯಲ್ಲಿ ಕೂತು!