ಬೆನ್ನುನೋವಿನ ನೇರ ಪ್ರಸಾರ

ಶನಿವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ನೂರಿಪ್ಪತ್ತು ಎಲೆಕೋಸು ಹೊತ್ತ ಲಾರಿ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಬಂತು. ಎಂಟಕ್ಕೆ ಸರಿಯಾಗಿ 302ನೇ ಮನೆಯ ಪ್ಯೋ ಇನ್‌-ಗುಗೆ ಬೆನ್ನುನೋವು ಬಂತು.

ಚಳಿಗಾಲಕ್ಕೆ ಕಿಮ್ಚಿ, ಅಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನ. ಕೆಳಗಿನ 202ರಲ್ಲಿ, ಅತ್ತೆಯ ಮನೆಯಲ್ಲಿ ಆಗಲೇ ಹೆಂಗಸರು ಸೇರಿದ್ದರು. ಕಳೆದ ವರ್ಷ ಮಸಾಲೆ ಹಚ್ಚಿ ಹಚ್ಚಿ ಇನ್‌-ಗುವಿನ ಕೈ ಮೂರು ದಿನ ಉರಿದಿತ್ತು. ಈ ಸಲ ಇನ್ನೊಂದು ಕಾರಣವೂ ಇತ್ತು. ಮರುದಿನ ನಿವಾಸಿಗಳ ಹಾಡಿನ ಸ್ಪರ್ಧೆ. ಹಾಡು ಬಾಯಿಗೆ ಬಂದಿತ್ತು. ಕುಣಿತದಲ್ಲಿ ಸೊಂಟ ಮಾತ್ರ ಇನ್ನೂ ಮಾತು ಕೇಳುತ್ತಿರಲಿಲ್ಲ.

"ನಿಜವಾಗ್ಲೂ ಏಳೋಕಾಗಲ್ವಾ?" ಹೆಂಡತಿ ಮಿ-ರಾನ್ ರಬ್ಬರ್ ಕೈಗವಸು ಹಿಡಿದು ಕೇಳಿದಳು.

"ಉಸಿರಾಡಿದ್ರೂ ಚುಚ್ಚುತ್ತೆ ಕಣೆ."

"ಹಾಗಾದ್ರೆ ಕಡಿಮೆ ಉಸಿರಾಡಿ," ಎಂದು ಬಾಗಿಲು ಎಳೆದುಕೊಂಡು ಹೋದಳು.

ಅವಳ ಹೆಜ್ಜೆ ಸದ್ದು ಮೆಟ್ಟಿಲಿಳಿಯುತ್ತಲೇ ಇನ್‌-ಗು ಒತ್ತಿಹಿಡಿದ ಸ್ಪ್ರಿಂಗಿನಂತೆ ಎದ್ದ. ಗೆಳೆಯ ದೊಕ್‌-ಸುಗೆ ಸಂದೇಶ ಹಾಕಿದ: 'ಫೋನ್ ಮಾಡಿ ಬೆನ್ನುನೋವು ಅಂದೆ, ಅತ್ತೆ ನಂಬಿಬಿಟ್ರು. ನೀನೂ ಇದನ್ನೇ ಹೇಳು.' ಮಿ-ರಾನಳ ಚಿರತೆ ಚುಕ್ಕೆಯ ಸ್ಕಾರ್ಫು ಕೊರಳಿಗೆ ಸುತ್ತಿಕೊಂಡ. ಫೋನನ್ನು ಕಪಾಟಿಗೆ ಒರಗಿಸಿ, ಹಾಡಿನ ವಾದ್ಯಸಂಗೀತ ಹಾಕಿ, ತನ್ನ ಕುಣಿತ ತನಗೇ ಟಿವಿಯಲ್ಲಿ ದೊಡ್ಡದಾಗಿ ಕಾಣಲೆಂದು ಕ್ಯಾಮೆರಾ ತೆರೆದ.

ಟಿವಿಗೆ ಜೋಡಿಸಲು ಹೋದರೆ ಫೋನಿನ ಪಟ್ಟಿಯಲ್ಲಿ ಹನ್ನೊಂದು ಟಿವಿಗಳು ಬಂದವು. ಹನ್ನೊಂದಕ್ಕೂ ಒಂದೇ ಹೆಸರು. ಬೇಸಿಗೆಯಲ್ಲಿ ಮಹಿಳಾ ಸಂಘದವರು ಎಲ್ಲ ಮನೆಗಳಿಗೂ, ಹಿರಿಯರು ಸೇರುವ ಕೋಣೆಗೂ ಒಟ್ಟಿಗೆ ಒಂದೇ ಬಗೆಯ ಟಿವಿ ತರಿಸಿದ್ದರು. ಮನೆಮನೆಗೆ ಹೋಗಿ, ತನ್ನದೇ ಫೋನಿನಿಂದ ಅವನ್ನೆಲ್ಲ ಜೋಡಿಸಿ, 'ಈ ಫೋನಿಗೆ ಸದಾ ಅನುಮತಿ' ಎಂದು ಒತ್ತಿ ಬಂದ ಪುಣ್ಯಾತ್ಮ ಇನ್‌-ಗುವೇ.

ಮೇಲಿನದನ್ನು ಒತ್ತಿದ. 'ಸಂಪರ್ಕವಾಗಿದೆ' ಎಂದು ಬಂತು. ಫೋನಿನಲ್ಲಿ ಸಂಗೀತ ನಿಂತಿತು, ಟಿವಿ ಮಾತ್ರ ಕಪ್ಪಗೇ ಇತ್ತು. "ಬರುತ್ತೆ ಬಿಡು," ಎಂದು ಸಂಗೀತವಿಲ್ಲದೆಯೇ ಹಾಡತೊಡಗಿದ. ಬಲಕ್ಕೆ ಎರಡು ಸಲ ಸೊಂಟ, ಎಡಕ್ಕೆ ಎರಡು ಸಲ, ಕೊನೆಗೆ ಗಿರ್‍ರನೆ ಒಂದು ಸುತ್ತು. ಏದುಸಿರು ಬಿಡುತ್ತ ನಿಂತಾಗ ಬಚ್ಚಲಿನ ಪೈಪಿನೊಳಗಿಂದ ಅವನದೇ ಹಾಡಿನ ಡೋಲು ಕೇಳಿಸಿತು. ಕೆಳಗಿನಿಂದ!

ಕೆಳಗೆ ಅಂದರೆ ಅತ್ತೆಯ ಮನೆ!

ಇನ್‌-ಗು ಸ್ಕಾರ್ಫು ಕಿತ್ತೆಸೆದು, ಫೋನನ್ನೂ ಮರೆತು, ಎರಡೆರಡು ಮೆಟ್ಟಿಲು ಹಾರಿ 202ಕ್ಕೆ ನುಗ್ಗಿದ. ಎಲೆಕೋಸಿನ ಗುಡ್ಡೆ ದಾಟಿ ಹೋಗಿ, ಆಳುದ್ದದ ಟಿವಿಯನ್ನು ಗೋಡೆಯಿಂದ ಕಿತ್ತು ತಬ್ಬಿಕೊಂಡ.

ಆಗ ಅವನು ನೋಡಿದ: ಟಿವಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ಪ್ಲಗ್ಗು ನೆಲದ ಮೇಲಿತ್ತು. ಯಾರೂ ಏನೂ ನೋಡಿರಲಿಲ್ಲ.

"ಅಳಿಯಂದಿರೇ, ಏನಿದು?" ಅತ್ತೆ ಕೆಂಪು ಕೈಗವಸು ಎತ್ತಿ ಕೇಳಿದರು.

"ಅದು... ನಿಮ್ಮ ಹೊಸ ಟಿವಿಗೆ ಖಾರದಪುಡಿ ಹಾರುತ್ತೆ ಅಂತ... ಮಲಗಿದ್ದೋನಿಗೆ ಜೀವ ತಡೀಲಿಲ್ಲ ಅತ್ತೆ. ಅಯ್ಯೋ ಸೊಂಟ!"

ಅತ್ತೆಯ ಕಣ್ಣು ಒದ್ದೆಯಾಯಿತು. "ನೋಡಿದ್ರೇನ್ರೇ? ಏಳೋಕಾಗದ ಜೀವ ನನ್ನ ಟಿವಿಗೋಸ್ಕರ ಓಡಿ ಬಂದಿದೆ! ಮಿ-ರಾನ್, ಬೇಯಿಸಿದ ಹಂದಿಮಾಂಸ ತಾ. ಮೆತ್ತಗಿರೋದು ನೋಡಿ ತಾ."

ಬೆಚ್ಚಗಿನ ನೆಲದ ಮೇಲೆ ದಿಂಬಿಗೆ ಒರಗಿಸಿದರು. ಹೊಸ ಕಿಮ್ಚಿ ಸುತ್ತಿದ ಮಾಂಸದ ತುಂಡನ್ನು ಅತ್ತೆಯೇ ಅವನ ಬಾಯಿಗಿಟ್ಟರು. ಇನ್‌-ಗು ಕಣ್ಣು ಮುಚ್ಚಿ ಅಗಿದ.

ಅಷ್ಟರಲ್ಲಿ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ನೆಲಮಹಡಿಯ ಹಿರಿಯರ ಕೋಣೆಯಿಂದ ಮಾ ಎನ್ನುವ ತಾತ ಹತ್ತಿ ಬಂದಿದ್ದರು.

"ಇಲ್ಲಿದ್ದೀಯೇನಪ್ಪಾ? ನಮ್ಮ ಟಿವಿಲಿ ಈಗ ಬರೀ ನಿಮ್ಮನೆ ಸೋಫಾ ಕಾಣ್ತಿದೆ. ಬೇಗ ಹೋಗಿ ಕುಣಿ ಮಾರಾಯ. ಆ ಚಿರತೆ ಚುಕ್ಕೆ ಸ್ಕಾರ್ಫು, ಆ ಸೊಂಟ, ಅಬ್ಬಬ್ಬಾ! ಡೋಲು ಕೇಳ್ತಿತ್ತು, ಬಾಯಿ ಆಡ್ತಿತ್ತು, ನಿನ್ನ ದನಿ ಮಾತ್ರ ಬರ್ಲಿಲ್ಲ. ಅದೂ ಒಳ್ಳೇದೇ ಆಯ್ತು ಅನ್ನು."

ಇನ್‌-ಗುವಿನ ದವಡೆ ನಿಂತಿತು.

"ಹಾಂ, ಮರೆತಿದ್ದೆ," ತಾತ ಮುಂದುವರಿಸಿದರು. "ನಿನಗ್ಯಾರೋ ದೊಕ್‌-ಸು ಅನ್ನೋನಿಂದ ಉತ್ತರ ಬಂತು, ಪರದೆ ಮೇಲೆ ಇಷ್ಟಿಷ್ಟು ದೊಡ್ಡ ಅಕ್ಷರ. 'ನನ್ನ ಅತ್ತೇನೂ ಬೆನ್ನುನೋವು ನಂಬಿದ್ರು, ನಿನ್ನ ಉಪಾಯ ಫಲಿಸ್ತು' ಅಂತ. ಪಾಪ, ಅವನ ಬೆನ್ನಿಗೇನಾಗಿದೆ?"

ಅತ್ತೆ ನಿಧಾನವಾಗಿ ಅಳಿಯನ ಹಿಂದಿನ ದಿಂಬು ಎಳೆದುಕೊಂಡರು.

"ಮಿ-ರಾನ್, ಮಾಂಸ ಒಳಗಿಡು. ಮೇಲಿಂದ ಇವರ ಫೋನ್ ತಾ."

ಪ್ರಸಾರ ನಿಲ್ಲಿಸಲೆಂದಲ್ಲ. ಫೋನನ್ನು ಇನ್‌-ಗುವಿನ ಎದುರಿಗೇ ಉಪ್ಪಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. "ಹಿರಿಯರಿಗೆ ನಿರಾಸೆ ಮಾಡ್ಬಾರ್ದು. ಕೈ ಹಚ್ಚಿ ಅಳಿಯಂದಿರೇ."

ತಾತ ಟಿವಿ ಮುಂದೆ ಕೂರಲು ಖುಷಿಯಿಂದ ಕೆಳಗಿಳಿದರು. ಇನ್‌-ಗು ಎಲೆ ಬಿಡಿಸಿದ, ಮಸಾಲೆ ಹಚ್ಚಿದ, ಮಡಿಸಿದ, ಮತ್ತೆ ಬಿಡಿಸಿದ. ತೊಂಬತ್ತನೆಯ ಎಲೆಕೋಸಿಗೆ ಬಗ್ಗಿದಾಗ ಬೆನ್ನಿನಲ್ಲಿ ಏನೋ ಚಳಕ್ಕೆಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದ.

"ಅಯ್ಯಯ್ಯೋ, ಬೆನ್ನು! ಈ ಸಲ ನಿಜ! ದೇವರಾಣೆಗೂ ನಿಜ!"

202ರಲ್ಲಿ ಯಾರೂ ತಲೆಯೆತ್ತಲಿಲ್ಲ. ಬಚ್ಚಲಿನ ಪೈಪಿನೊಳಗಿಂದ ಮಾತ್ರ ಜೋರು ಚಪ್ಪಾಳೆ ಕೇಳಿಸಿತು.